ತೊಳೆಯದ ಜಾಲರಿ

ಒಲೆಯ ಮೇಲಿನ ಪಾತ್ರೆ ಇಳಿಸಲು ಹೋಗಿ ಅವಳು ಕೈ ಸುಟ್ಟುಕೊಂಡಳು. ಚಹಾ ನೆಲದ ಪಾಲಾಯಿತು. ಸದ್ದು ಕೇಳಿ ತಮ್ಮನೂ ತಮ್ಮನ ಹೆಂಡತಿಯೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಅವಳ ಕೈ ಸುಡುವುದು ಆ ಮನೆಯಲ್ಲಿ ಹೊಸ ಸಂಗತಿ. ಎಷ್ಟೋ ವರ್ಷದಿಂದ ಅವಳು ಕುದಿಯುವ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದಳು. ಹಿಂದೊಮ್ಮೆ ಇಕ್ಕಳ ಮುರಿದಾಗ ತಮ್ಮನ ಹೆಂಡತಿ, "ಹೊಸದು ಯಾಕೆ ತರಬೇಕು? ಅತ್ತಿಗೆ ಇದಾರಲ್ಲ" ಅಂದಿದ್ದಳು. ಮೂವರೂ ನಕ್ಕಿದ್ದರು. ಹೊಸ ಇಕ್ಕಳ ಬರಲೇ ಇಲ್ಲ.

"ಉರೀತಿದೆಯಾ?" ತಮ್ಮ ಕೇಳಿದ.

"ಹೂಂ."

"ಹಾಗಾದ್ರೆ ಕೈಗೆ ಜೀವ ಬಂತು ಅಂತಾಯ್ತು. ಒಳ್ಳೇದೇ."

ಹಾಗೆ ಅಂದವನು ಅವಳ ಮುಖ ನೋಡಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಹೋದ. ನೀಲಿ ಅಂಗಿ. ಜೇಬಿನ ಮೇಲೆ ಕಂಪನಿಯ ಗುರುತು. ದಿನಾ ಅದನ್ನು ಒಗೆದು ಇಸ್ತ್ರಿ ಮಾಡುವವಳು ಅವಳೇ.

ಅವಳು ತಣ್ಣೀರಿನ ಬೋಗುಣಿಯಲ್ಲಿ ಕೈ ಅದ್ದಿ ಕೂತಳು. ನೀರು ತಣ್ಣಗಿದೆ ಅನ್ನುವುದೂ ಗೊತ್ತಾಯಿತು. ಎರಡೂ ಕೈ ತಿರುಗಿಸಿ ನೋಡಿದಳು. ಬಿರುಕುಗಳು ಕೂಡಿಕೊಂಡಿದ್ದವು. ಉಗುರಿನ ಕಪ್ಪು ತುದಿಯ ಕಡೆಗೆ ಸರಿದು, ಬುಡದಲ್ಲಿ ತಿಳಿ ಉಗುರು ಬಂದಿತ್ತು. ಆರು ವಾರದ ಉಗುರು.

ಕೈ ಯಾಕೆ ವಾಸಿಯಾಯಿತು ಅಂತ ಅವಳಿಗೆ ಗೊತ್ತಿತ್ತು. ತಮ್ಮನಿಗೂ ಗೊತ್ತಿತ್ತು. ಮನೆಯಲ್ಲಿ ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅವಳ ಕೆಲಸ ತೊಳೆಯುವುದು. ಕಾರು ತೊಳೆಯುವುದಲ್ಲ. ಅದಕ್ಕೆ ವರ್ಕ್‌ಶಾಪಿನ ಮುಂದುಗಡೆ ಬೇರೆ ಜನ, ನೊರೆ, ಪೈಪು ಎಲ್ಲ ಇವೆ. ಇವಳದು ಕಾರಿನ ಹೊಟ್ಟೆಯೊಳಗಿನದು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಒಂದು ತೊಟ್ಟಿ ಇರುತ್ತದೆ. ಅದರೊಳಗಿಂದ ಆಯಿಲ್ ಹೀರುವ ಕೊಳವೆಯ ಬಾಯಿಗೆ ಅಂಗೈಯಗಲದ ಒಂದು ಜಾಲರಿ. ತೊಟ್ಟಿ, ಜಾಲರಿ ಎರಡನ್ನೂ ಮೆಕ್ಯಾನಿಕ್ಕುಗಳು ಬಿಚ್ಚಿ ತಂದು ಅವಳ ಮುಂದೆ ಎಸೆದು ಹೋಗುತ್ತಿದ್ದರು. ಅವಳು ಸೀಮೆಎಣ್ಣೆಯ ತಟ್ಟೆಯಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು, ಒಂದೊಂದು ಕಣ್ಣೂ ತೆರೆದಿದೆಯೇ ಅಂತ ನೋಡಿ ಕಳಿಸುತ್ತಿದ್ದಳು. ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. ಬೆಳಿಗ್ಗೆ ಕೂತರೆ ಮಧ್ಯಾಹ್ನ ಏಳುವಾಗ ಮೊಣಕಾಲು ಹಿಡಿದು ಬಿಡಿಸಬೇಕು.

ಮೊದಲ ವರ್ಷ ಒಂದು ಜೊತೆ ರಬ್ಬರ್ ಗ್ಲೌಸ್ ಕೊಟ್ಟಿದ್ದರು. ಸೀಮೆಎಣ್ಣೆ ಕುಡಿದು ಅವು ಊದಿಕೊಂಡವು, ಜೋತುಬಿದ್ದವು, ಹರಿದವು. ಇನ್ನೊಂದು ಜೊತೆ ಕೇಳಿದಾಗ ಸೂಪರ್‌ವೈಸರ್, "ಗ್ಲೌಸ್ ಹಾಕ್ಕೊಂಡ್ರೆ ಕೊಳೆ ಹೋಗಿದೆಯೋ ಇಲ್ವೋ ಕೈಗೆ ಹೇಗಮ್ಮ ಗೊತ್ತಾಗುತ್ತೆ?" ಅಂದ. ಎರಡನೇ ವರ್ಷ ಬೆರಳಿಗೆ ಜೋಮು ಹಿಡಿಯಿತು. ಮೂರನೇ ವರ್ಷ ಜೋಮೂ ಹೋಯಿತು. ಆಮೇಲೆ ಏನೂ ಇಲ್ಲ. ಹೀಗೆ ಹನ್ನೊಂದು ವರ್ಷ.

ಅವಳನ್ನು ಎಲ್ಲರೂ ಜಾಲರಿ ಅಂತಲೇ ಕರೆಯುತ್ತಿದ್ದರು. "ಏ ಜಾಲರಿ, ಹಿಡಿ." "ಈ ಜಾಲರಿ ಎಲ್ಲಿ ಹಾಳಾಗಿ ಹೋದ್ಳು?" ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಕೂಲಿಗೆ ಜನ ಕಳಿಸುವ ಗುತ್ತಿಗೆದಾರನ ಚೀಟಿಯಲ್ಲಿ 'ಹೆಂಗಸು, ಒಂದು' ಅಂತಿತ್ತು.

ಅವಳ ಜಾಗ ಹಿತ್ತಲಿನ ತಗಡಿನ ಮಾಡಿನ ಕೆಳಗೆ. ಮುಂದುಗಡೆ ಕಾರಿನ ಮಾಲೀಕರು ಕಾದು ಕೂರುವ ಗಾಜಿನ ಗೋಡೆಯ ಹಾಲು. ಬಿಳಿ ನೆಲ, ಮೆತ್ತನೆ ಕುರ್ಚಿ, ಗಾಜಿನ ಮೇಜು. ಬೆಳಿಗ್ಗೆ ಎಂಟಕ್ಕೆ ಆ ನೆಲ ಒರೆಸುವವಳೂ ಅವಳೇ. ಒಂಬತ್ತಕ್ಕೆ ಮುಂಬಾಗಿಲು ತೆರೆದ ಮೇಲೆ ಅವಳು ಅಲ್ಲಿ ಕಾಣಬಾರದು. ವರ್ಕ್‌ಶಾಪಿನ ನಡುವೆ ಒಂದು ಹಳದಿ ಗೆರೆ ಎಳೆದಿದ್ದರು. ನೀಲಿ ಅಂಗಿಯವರು ದಾಟಬಹುದು. ಹಿಂದಿನವರು ದಾಟಬಾರದು. ಮಾಲೀಕರ ಬಟ್ಟೆಗೆ ಆಯಿಲ್ ತಾಗುತ್ತದೆ ಅನ್ನುವುದು ಕಾರಣ. ಆ ಮುಂಬಾಗಿಲಿನಿಂದ ಅವಳು ಒಮ್ಮೆಯೂ ಬಂದಿರಲಿಲ್ಲ, ಹೋಗಿರಲಿಲ್ಲ.

ತಮ್ಮ ಗೆರೆಯ ಆಚೆಯವನು. ಅಪ್ಪ ಬೀದಿ ಬೀದಿ ತಿರುಗಿ ಗರಗಸದ ಹಲ್ಲು ಉಜ್ಜಿಕೊಡುತ್ತಿದ್ದ. ಅವನು ಸತ್ತಾಗ ಅವಳಿಗೆ ಹದಿನೇಳು, ತಮ್ಮನಿಗೆ ಆರು. ಅಪ್ಪನ ಅರ ಹಿಡಿದು ಅವಳೇ ಬೀದಿ ತಿರುಗಿದಳು. ತಮ್ಮನನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ ತಮ್ಮ ಇನ್ನೂ ಚಿಕ್ಕವನು ಅಂದಳು. ಅವನು ಮೆಕ್ಯಾನಿಕ್ ಕೆಲಸ ಕಲಿತು ಮುಗಿಸಿದಾಗ ಸೂಪರ್‌ವೈಸರನ ಮುಂದೆ ನಿಂತು ಕೈಮುಗಿದು ಅವನನ್ನು ಒಳಗೆ ಸೇರಿಸಿದಳು. ಮೊದಲ ದಿನ ಬಸ್ ಸ್ಟಾಪಿನಲ್ಲಿ ತಮ್ಮ ಅವಳ ಕೈ ಹಿಡಿದುಕೊಂಡು, "ಅಲ್ಲಿ ನಾನು ನಿನ್ನ ತಮ್ಮ ಅಂತ ಯಾರಿಗೂ ಹೇಳ್ಬೇಡ ಅಕ್ಕಾ. ತಪ್ಪು ತಿಳ್ಕೋಬೇಡ. ನನ್ನನ್ನೂ ಹಿಂದಕ್ಕೆ ಕಳಿಸಿಬಿಡ್ತಾರೆ" ಅಂದ. ಅವಳಿಗೆ ಸರಿ ಅನ್ನಿಸಿತು. ಅಂದಿನಿಂದ ಒಂದೇ ಮನೆಯಿಂದ ಎರಡು ಬಸ್ಸಿನಲ್ಲಿ ಹೋಗುತ್ತಿದ್ದರು. ಸೂಪರ್‌ವೈಸರನೂ ಆ ಸಂಗತಿ ಮರೆತೇಬಿಟ್ಟ. ಗೇಟು ದಾಟಿದ ಮೇಲೆ ತಮ್ಮನೂ ಅವಳನ್ನು ಜಾಲರಿ ಅಂತಲೇ ಕರೆದ. ಮೊದಲ ಸಲ ಕರೆಯುವಾಗ ಅವನು ಕೈಯಲ್ಲಿದ್ದ ತೊಟ್ಟಿಯನ್ನೇ ನೋಡುತ್ತಿದ್ದ. ಆಮೇಲೆ ರೂಢಿಯಾಯಿತು.

ಮೂರು ತಿಂಗಳ ಹಿಂದೆ ಕಂಪನಿಯಿಂದ ಮಾಲೀಕರಿಗೆಲ್ಲ ಕಾಗದ ಹೋಯಿತು. ಒಂದು ಬಗೆಯ ಕಾರಿನ ಎಂಜಿನ್ ಬೆಲ್ಟಿನಲ್ಲಿ ದೋಷವಿದೆ, ತಂದು ತೋರಿಸಿ ಅಂತ. ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ರೀಕಾಲ್, ರೀಕಾಲ್. ಕಾರುಗಳು ಬೀದಿಯ ತಿರುವಿನವರೆಗೆ ಸಾಲು ನಿಂತವು. ತಗಡಿನ ಮಾಡಿಗೂ ಹಾಲಿಗೂ ನಡುವಿನ ಗೋಡೆಯಲ್ಲಿ ಒಂದು ಗಾಳಿಕಿಂಡಿ ಇತ್ತು. ಮಾಲೀಕರ ಮಾತೆಲ್ಲ ಅವಳಿಗೆ ಅಲ್ಲಿಂದ ಕೇಳಿಸುತ್ತಿತ್ತು.

"ನಂದು ಮೂವತ್ತೆರಡನೇ ಟೋಕನ್. ಈಗ ಹನ್ನೊಂದು ನಡೀತಿದೆ. ನನ್ನ ಸರದಿ ಬರೋ ಹೊತ್ತಿಗೆ ಮೊಮ್ಮಗನಿಗೆ ಲೈಸೆನ್ಸ್ ಸಿಕ್ಕಿರುತ್ತೆ."

"ನೀವಾದ್ರೂ ರಿಟೈರ್ಡ್ ಮೇಷ್ಟ್ರು ಸಾರ್. ನಾನು ಟ್ಯಾಕ್ಸಿ ಓಡ್ಸೋನು. ಗಾಡಿ ಇಲ್ಲಿ ನಿಂತ್ರೆ ಮನೇಲಿ ಒಲೆ ನಿಲ್ಲುತ್ತೆ."

"ಅಲ್ಲಪ್ಪ, ಬೆಲ್ಟಿಗೆ ಏನಾಗುತ್ತಂತೆ?"

"ಆಯಿಲ್ ಕುಡಿದು ಕುಡಿದು ಊದುತ್ತಂತೆ ಸಾರ್. ಆಮೇಲೆ ಹಲ್ಲು ಉದುರೋದು, ಮೈ ಉದುರೋದು. ಥೇಟ್ ನಮ್ಮ ಮಾವ."

ನಗು. ಅವಳು ಆ ನಗು ಕೇಳುತ್ತಾ ಅದೇ ಉದುರಿದ ಪುಡಿಯನ್ನು ತಿಕ್ಕುತ್ತಿದ್ದಳು. ಚಹಾಪುಡಿಯಂಥ ಕಪ್ಪು ಪುಡಿ. ಅದು ಜಾಲರಿಗೆ ಕಟ್ಟಿಕೊಂಡರೆ ಆಯಿಲ್ ಮೇಲೇರುವುದಿಲ್ಲ. ಆಯಿಲ್ ಇಲ್ಲದ ಎಂಜಿನ್ ಹೇಗೂ ಸಾಯುತ್ತದೆ. ಅದಕ್ಕಿಂತ ಮೊದಲು ಬ್ರೇಕು ಕಲ್ಲಾಗುತ್ತದೆ. ಬ್ರೇಕಿಗೆ ಬಲ ಕೊಡುವ ಪಂಪಿಗೂ ಅದೇ ಆಯಿಲ್ ಬೇಕು. ಇದನ್ನು ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ತೊಳೆಯುವಾಗ ಸುತ್ತ ನಿಂತವರ ಮಾತಿನಿಂದ ತಿಳಿದದ್ದು.

ಬೆಲ್ಟು ಊದಿದೆಯೋ ಇಲ್ಲವೋ ನೋಡಲು ಕಂಪನಿ ಒಂದು ಗೇಜು ಕಳಿಸಿತ್ತು. ಬೆರಳುದ್ದದ ಉಕ್ಕಿನ ತಗಡು. ತುದಿಯಲ್ಲಿ ಚೌಕನೆಯ ಒಂದು ಕಚ್ಚು. ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಬೆಲ್ಟಿನ ಬೆನ್ನು ಕಾಣುತ್ತದೆ. ಕಚ್ಚಿನೊಳಗೆ ಬೆಲ್ಟು ಕೂತರೆ ಪಾಸ್. ಕೂರದಿದ್ದರೆ ಫೇಲ್. ಫೇಲಾದರೆ ಹೊಸ ಬೆಲ್ಟು ಹಾಕಬೇಕು, ತೊಟ್ಟಿ ಇಳಿಸಬೇಕು, ಜಾಲರಿ ತೊಳೆಯಬೇಕು. ಗೇಜು ಹಿಡಿಯುವ ಕೆಲಸ ತಮ್ಮನದು. ಹಾಳೆಯ ಮೇಲೆ ಪಾಸ್ ಅಥವಾ ಫೇಲ್ ಅಂತ ಬರೆದು ಸಹಿ ಹಾಕುವವನೂ ಅವನೇ. ಖಾಯಂ ಮಾಡುವವರ ಪಟ್ಟಿಯಲ್ಲಿ ಅವನ ಹೆಸರಿತ್ತು.

ಮೊದಲ ವಾರಗಳಲ್ಲಿ ಹತ್ತಕ್ಕೆ ನಾಲ್ಕು ಫೇಲಾದವು. ಬುಟ್ಟಿ ಬುಟ್ಟಿ ಜಾಲರಿ ಬಂದವು. ಅವಳ ಬೆರಳ ಸಂದು ಸೀಳಿತು. ರಕ್ತ ಬಂದರೂ ನೋವಿರಲಿಲ್ಲ. ಕೊನೆಗೆ ಬೆಲ್ಟು ಮುಗಿದವು. ಬೇರೆ ಬೆಲ್ಟು ಬರಲಿಲ್ಲ. ಹಾಲಿನಲ್ಲಿ ಮಾಲೀಕರು ಮೇಜು ಗುದ್ದಿದರು. ಮೇಲಿನವರು ಫೋನಿನಲ್ಲಿ ಸೂಪರ್‌ವೈಸರನನ್ನು ಬೈದರು.

ಒಂದು ಮಧ್ಯಾಹ್ನ ಸೂಪರ್‌ವೈಸರ್ ತಾನೇ ಹಿತ್ತಲಿಗೆ ಬಂದ. ಅವನು ಅಲ್ಲಿಗೆ ಬರುವುದೇ ಅಪರೂಪ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಗೇಜು.

"ನಿನಗೆ ಅರ ಹಿಡಿಯೋಕೆ ಬರುತ್ತಂತಲ್ಲಮ್ಮ?"

ಅಮ್ಮ ಅಂದಿದ್ದ. ಅವಳು ಎದ್ದು ನಿಂತಳು.

"ಇದರ ಕಚ್ಚಿನ ಒಳಗೆ ಒರಟು ಇದೆ. ಬೆಲ್ಟಿಗೆ ತಾಗಿ ಗೀರಾಗ್ತಿದೆ. ನಯ ಮಾಡಿಕೊಡು. ಚೆನ್ನಾಗಿ ನಯ ಆಗ್ಬೇಕು."

ಅವಳ ತಲೆದಿಂಬಿನ ಕೆಳಗೆ ಈಗಲೂ ಅಪ್ಪನ ಸಣ್ಣ ಅರ ಇತ್ತು. ಮಾರನೇ ದಿನ ಅದನ್ನು ತಂದಳು. ಗೇಜನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು ಉಜ್ಜಿದಳು. ಆ ಕಡೆ ಹತ್ತು ಎಳೆತ, ಈ ಕಡೆ ಹತ್ತು. ಅಪ್ಪ ಹಾಗೇ ಕಲಿಸಿದ್ದ. ಎರಡು ಕಡೆಯೂ ಸಮ ಇರಬೇಕು. ಬೆರಳು ಸವರಿ ನೋಡಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಇನ್ನೂ ಒರಟಿದೆಯೇನೋ ಅಂದುಕೊಂಡು ಆ ಕಡೆ ಇನ್ನೂ ಹತ್ತು, ಈ ಕಡೆ ಇನ್ನೂ ಹತ್ತು ಎಳೆದಳು. ಬೆರಳು ಹೇಳದ್ದಕ್ಕೆ ಕಡೆಗೆ ಕೆಳತುಟಿಗೆ ಒತ್ತಿ ನೋಡಿದಳು. ತುಟಿಗೆ ನಯ ಗೊತ್ತಾಯಿತು. ಅಪ್ಪ ಇದ್ದಿದ್ದರೆ ಭೇಷ್ ಅನ್ನುತ್ತಿದ್ದ.

ಸೂಪರ್‌ವೈಸರ್ ಗೇಜನ್ನು ಬೆಳಕಿಗೆ ಹಿಡಿದು ನೋಡಿದ. ಕೂದಲೆಳೆಯಷ್ಟು ಹೆಚ್ಚು ಬೆಳಕು ಬಂದಿರಬೇಕು. "ಕೈ ಅಂದ್ರೆ ಕೈ ಕಣಮ್ಮ ನಿಂದು" ಅಂದು ತೆಗೆದುಕೊಂಡು ಹೋದ.

ಹನ್ನೊಂದು ವರ್ಷದಲ್ಲಿ ಅಲ್ಲಿ ಅವಳಿಗೆ ಸಿಕ್ಕ ಹೊಗಳಿಕೆ ಅದೊಂದೇ. ಎರಡು ದಿನ ಅದನ್ನೇ ನೆನೆಸಿಕೊಂಡಿದ್ದಳು.

ಆಮೇಲೆ ಜಾಲರಿ ಬರುವುದು ನಿಂತಿತು. ಒಂದು ದಿನ, ಎರಡು ದಿನ, ಒಂದು ವಾರ. ಸೀಮೆಎಣ್ಣೆಯ ತಟ್ಟೆ ಒಣಗಿತು. ಹಾಲಿನಲ್ಲಿ ಸಾಲು ಬೇಗ ಬೇಗ ಕರಗಿತು. ಮಾಲೀಕರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಥ್ಯಾಂಕ್ಸ್ ಹೇಳಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋದರು. ಅವಳು ಮನೆಯಲ್ಲಿ ತಮ್ಮನನ್ನು ಕೇಳಿದಳು.

"ಯಾಕೋ ಜಾಲರಿ ಬರ್ತಾನೇ ಇಲ್ಲ?"

"ಎಲ್ಲಾ ಪಾಸಾಗ್ತಿವೆ. ನಿನಗೇನು ಕಷ್ಟ? ಕೈಗೊಂದಿಷ್ಟು ವಿಶ್ರಾಂತಿ."

ಮೂರನೇ ವಾರ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅವಳು ಗುಜರಿ ಡ್ರಮ್ಮಿನಿಂದ ಫೇಲಾದ ಒಂದು ಹಳೇ ಬೆಲ್ಟು ಎತ್ತಿಕೊಂಡಳು. ಊದಿದ್ದು, ಅಂಚು ಬಿಚ್ಚಿದ್ದು. ಗೇಜು ಮೊಳೆಗೆ ನೇತುಹಾಕಿತ್ತು. ಕಚ್ಚಿನೊಳಗೆ ಬೆಲ್ಟು ಇಟ್ಟಳು. ಸದ್ದಿಲ್ಲದೆ ಕೂತಿತು. ಕೂತು ಅಲ್ಲಾಡಿತು ಕೂಡ.

ಅವಳು ಗೇಜನ್ನು ಮೊಳೆಗೆ ನೇತುಹಾಕಿದಳು. ಬೆಲ್ಟನ್ನು ಡ್ರಮ್ಮಿಗೆ ಹಾಕಿದಳು. ತನ್ನ ಜಾಗಕ್ಕೆ ಹೋಗಿ ಡಬ್ಬಿ ಬಿಚ್ಚಿ ಉಂಡಳು. ಏನಾದರೂ ಅನ್ನಿಸಬಹುದು ಅಂತ ಕಾದಳು. ಏನೂ ಅನ್ನಿಸಲಿಲ್ಲ. ಹಾಗೇ ಇನ್ನೂ ಮೂರು ವಾರ ಕಳೆಯಿತು. ಬಾಯಿ ಬಿಡಲಿಲ್ಲ. ಕೈ ವಾಸಿಯಾಗುತ್ತಾ ಬಂತು.

ಕೈ ಸುಟ್ಟ ದಿನ ಅವಳು ಹಾಲಿನ ನೆಲ ಒರೆಸಿ ಹಿತ್ತಲಿಗೆ ಬಂದು ಕೂತಾಗ ಗಾಳಿಕಿಂಡಿಯಿಂದ ಒಂದು ಹೆಂಗಸಿನ ದನಿ ಕೇಳಿಸಿತು. ಜೋರಿರಲಿಲ್ಲ. ಅಳುವೂ ಇರಲಿಲ್ಲ.

"ನಿಮ್ಮವರೇ ನೋಡಿ ಪಾಸ್ ಅಂತ ಬರೆದುಕೊಟ್ಟಿದಾರೆ. ಇಲ್ಲಿ ಸಹಿ ಇದೆ."

"ಅವತ್ತು ಪಾಸೇ ಮೇಡಂ." ಇದು ಸೂಪರ್‌ವೈಸರನ ದನಿ. "ಆಮೇಲೆ ನೀವು ಹೊರಗೆಲ್ಲೋ ಆಯಿಲ್ ಬದಲಾಯಿಸಿರ್ತೀರ."

"ಬದಲಾಯಿಸಿಲ್ಲ."

"ಎಲ್ರೂ ಹಾಗೇ ಅಂತಾರೆ."

"ಆಸ್ಪತ್ರೆ ಇಳಿಜಾರಲ್ಲಿ ಬ್ರೇಕ್ ತುಳಿದೆ. ಕಲ್ಲು ತುಳಿದ ಹಾಗಿತ್ತು. ಎರಡೂ ಕಾಲಲ್ಲಿ ತುಳಿದೆ."

"ಗಾಬರೀಲಿ ಹಾಗನ್ಸುತ್ತೆ. ಅದರಲ್ಲೂ ಹೆಂಗಸರಿಗೆ..."

"ನಾನು ನರ್ಸು. ಹತ್ತೊಂಬತ್ತು ವರ್ಷದಿಂದ ಗಾಬರಿ ನೋಡ್ತಿದೀನಿ. ಆಸ್ಪತ್ರೆ ಗೇಟಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದ ವಾಚ್‌ಮನ್. ಗಾಡಿ ನೇರ ಅವನ ಮೇಲೆ ಹೋಯ್ತು. ಒಂದು ಕಾಲು ಮೊಣಕಾಲಿಂದ ಕೆಳಗೆ ತೆಗೆದ್ರು. ನನ್ನ ವಾರ್ಡಲ್ಲೇ ಇದಾನೆ. ನನ್ನ ಎಡಗೈ ಮುರಿದಿದೆ, ಬಲಗೈ ಇದೆಯಲ್ಲ, ದಿನಾ ಮಾತ್ರೆ ನಾನೇ ಕೊಡ್ತೀನಿ. ಅವನು ಏನೂ ಬಯ್ಯಲ್ಲ. ಇಸ್ಕೊಂಡು ನುಂಗ್ತಾನೆ."

ಕಾಗದ ಮಡಚುವ ಸದ್ದು ಕೇಳಿಸಿತು.

"ಪೊಲೀಸರು ನನ್ನ ಮೇಲೆ ಕೇಸ್ ಹಾಕಿದಾರೆ," ನರ್ಸು ಅಂದಳು.

"ನೋಡಿ ಮೇಡಂ, ನ್ಯಾಯವಾಗಿ ಮಾತಾಡೋಣ. ಹನ್ನೊಂದು ಗಂಟೆಗೆ ಹೆಡ್ ಆಫೀಸಿಂದ ಇಂಜಿನಿಯರ್ ಬರ್ತಾರೆ. ನಿಮ್ಮೆದುರಿಗೇ ಬಿಚ್ಚಿಸ್ತಾರೆ. ಜಾಲರಿ ಕಟ್ಟಿದ್ರೆ ಬೆಲ್ಟ್ ತಪ್ಪು, ಅಂದ್ರೆ ನಮ್ಮ ತಪ್ಪು. ಜಾಲರಿ ಕ್ಲೀನ್ ಇದ್ರೆ ನಿಮ್ಮ ತಪ್ಪು. ಸರಿನಾ? ಕೂತ್ಕೊಳ್ಳಿ. ಕಾಫಿ ಕುಡೀತೀರಾ?"

ಅರ್ಧ ಗಂಟೆ ಕಳೆದಿರಬಹುದು. ಸೂಪರ್‌ವೈಸರ್ ಮುಂದೆ, ತಮ್ಮ ಹಿಂದೆ, ಇಬ್ಬರೂ ಹಿತ್ತಲಿಗೆ ಬಂದರು. ತಮ್ಮನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಇತ್ತು. ಪೇಪರ್ ನೆನೆದು ಕಪ್ಪಾಗಿತ್ತು.

"ಜಾಲರಿ, ಇದನ್ನ ಬೇಗ ತೊಳಿ," ಸೂಪರ್‌ವೈಸರ್ ಅಂದ. "ಹತ್ತೂವರೆಗೆ ವಾಪಸ್ ಗಾಡಿಗೆ ಕೂರಿಸ್ಬೇಕು. ಹೊಸದರ ಹಾಗಿರ್ಬೇಕು, ಗೊತ್ತಾಯ್ತಾ?" ತಮ್ಮನ ಕಡೆ ತಿರುಗಿ, "ನಿಂತು ತೊಳೆಸ್ಕೊಂಡು ಬಾ" ಅಂದು ಹೊರಟುಹೋದ.

ಅವಳು ಪೇಪರ್ ಬಿಚ್ಚಿದಳು. ಜಾಲರಿಯಲ್ಲಿ ಜಾಲರಿ ಕಾಣುತ್ತಿರಲಿಲ್ಲ. ಒಂದು ಕಣ್ಣೂ ತೆರೆದಿರಲಿಲ್ಲ. ಮೇಲೆ ಒಂದು ಬೆರಳು ದಪ್ಪ ಕಪ್ಪು ಕೆಸರು. ಅವಳು ಹೆಬ್ಬೆರಳಿನಿಂದ ಒತ್ತಿದಳು.

ಪುಡಿ ತಾಗಿತು. ಒಂದೊಂದು ಕಾಳೂ ತಾಗಿತು. ಹನ್ನೊಂದು ವರ್ಷ ಸಾವಿರ ಜಾಲರಿ ತೊಳೆದಿದ್ದಳು. ಆ ಪುಡಿ ಕೈಗೆ ಹೇಗಿರುತ್ತದೆ ಅಂತ ತಿಳಿದದ್ದು ಈಗ. ಮೆತ್ತಗಿತ್ತು. ಹಲ್ಲಿಗೆ ಸಿಕ್ಕ ಅನ್ನದ ಅಗುಳಿನಂತಿತ್ತು.

"ಇದು ಆ ನರ್ಸಮ್ಮನ ಗಾಡೀದು," ಅಂದಳು.

"ಯಾರದಾದ್ರೇನು? ತೊಳಿ."

"ಇಂಜಿನಿಯರ್ ನೋಡೋವರೆಗೂ ಹೀಗೇ ಇರ್ಬೇಕಲ್ವಾ ಇದು?"

"ಜಾಲರಿ, ತಲೆ ತಿನ್ಬೇಡ."

ಅವಳು ಸೀಮೆಎಣ್ಣೆಯ ಡಬ್ಬಿ ಮುಟ್ಟಲಿಲ್ಲ. ಸುಮ್ಮನೆ ಕೂತಳು. ತಮ್ಮ ಸುತ್ತ ನೋಡಿದ. ಯಾರೂ ಇರಲಿಲ್ಲ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ನೀಲಿ ಪ್ಯಾಂಟಿನ ಗೆರೆ ಮುರಿಯಿತು.

"ಅಕ್ಕಾ," ಅಂದ.

ಆ ಗೇಟಿನ ಒಳಗೆ ಆ ಮಾತು ಮೊದಲ ಸಲ ಕೇಳಿಸಿತು. ಅವಳು ತಲೆ ಎತ್ತಿದಳು. ಎಷ್ಟೋ ಮಧ್ಯಾಹ್ನ ಅದಕ್ಕಾಗಿ ಕಿವಿ ಕೊಟ್ಟು ಕೂತಿದ್ದುಂಟು. ಒಂದೇ ಒಂದು ಸಲ ಅಂದುಬಿಡಲಿ, ಮೆಲ್ಲಗಾದರೂ ಅನ್ನಲಿ ಅಂತ. ಈಗ ಅಂದಿದ್ದ.

"ಇನ್ನೂರ ಹದಿನಾರು ಹಾಳೆ ಮೇಲೆ ನನ್ನ ಸಹಿ ಇದೆ ಅಕ್ಕಾ. ಅವನದು ಒಂದರ ಮೇಲೂ ಇಲ್ಲ."

"ನಿನಗೆ ಗೊತ್ತಿತ್ತಾ?"

"ಗೊತ್ತಾಗ್ದೆ ಇರುತ್ತಾ? ಮೊದಲನೇ ಗಾಡಿಲೇ ಗೊತ್ತಾಯ್ತು. ಬೆಲ್ಟು ಕಚ್ಚಿನೊಳಗೆ ಅಲ್ಲಾಡ್ತಿತ್ತು."

"ನೀನು ಹೇಳ್ಲಿಲ್ಲ."

"ನೀನು ಹೇಳಿದ್ಯಾ?"

ಗಾಳಿಕಿಂಡಿಯಿಂದ ಯಾರೋ ಕೆಮ್ಮಿದ್ದು ಕೇಳಿಸಿತು.

"ನನ್ನ ಸಾಕಿದ್ದು ನೀನು," ತಮ್ಮ ಅಂದ. "ಈಗ ಕೈ ಬಿಡ್ಬೇಡ. ಮುಂದಿನ ತಿಂಗಳು ಖಾಯಂ ಆಗುತ್ತೆ. ಆಮೇಲೆ ನಿನ್ನನ್ನ ಇಲ್ಲಿಂದ ಬಿಡಿಸ್ತೀನಿ. ಆಣೆ ಮಾಡಿ ಹೇಳ್ತೀನಿ. ಇದೊಂದು ಜಾಲರಿ ಅಕ್ಕಾ. ಇದೊಂದು."

"ಇನ್ನೂ ಇನ್ನೂರ ಹದಿನೈದು ರಸ್ತೆ ಮೇಲಿವೆ."

"ಅವಕ್ಕೆಲ್ಲ ಹೀಗೇ ಆಗುತ್ತೆ ಅಂತೇನಿಲ್ಲ."

"ಅವುಗಳ ಜಾಲರಿ ನಾನು ನೋಡಿಲ್ಲ."

"ತೊಳಿ ಅಕ್ಕಾ."

"ತೊಳೆಯಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. ತೊಳೆಯುವುದಿಲ್ಲ ಅಂತ ಅವಳು ಯಾರಿಗೂ ಅಂದಿರಲಿಲ್ಲ. ಮನೆಯಲ್ಲೂ ಅಂದಿರಲಿಲ್ಲ.

ತಮ್ಮ ಕೈ ಚಾಚಿದ. ತಾನೇ ತೊಳೆಯಲು ಅಂತ. ಅವಳು ಜಾಲರಿಯನ್ನು ಎದೆಗೆ ಅವಚಿಕೊಂಡಳು. ಮೈಮೇಲಿನ ಬಟ್ಟೆ ಕಪ್ಪಾಯಿತು. ತಮ್ಮನ ಕೈ ಗಾಳಿಯಲ್ಲೇ ನಿಂತಿತು. ಇಸ್ತ್ರಿ ಮಾಡಿದ ತೋಳಿಗೆ ಕಪ್ಪು ತಾಗುತ್ತದೆ ಅಂತಲೋ, ಅಕ್ಕನ ಮೈಮೇಲೆ ಕೈ ಹಾಕಬೇಕಾಗುತ್ತದೆ ಅಂತಲೋ. ಯಾವುದು ಅಂತ ಅವಳಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಆಗುತ್ತದೆ ಅನ್ನಿಸಿತು.

ಮೊಣಕಾಲು ಹಿಡಿದು ಎದ್ದಳು. ನಡೆದಳು. ದಾರಿಯಲ್ಲಿ ಮೊಳೆಯಿಂದ ಗೇಜು ತೆಗೆದುಕೊಂಡಳು. ಹಳದಿ ಗೆರೆ ಬಂತು. ದಾಟಿದಳು. ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿದಳು.

ಹಾಲಿನಲ್ಲಿ ಏಳೆಂಟು ಜನ ಇದ್ದರು. ಬೆಳಿಗ್ಗೆ ತಾನೇ ಒರೆಸಿದ ನೆಲದ ಮೇಲೆ ಅವಳ ಹಿಂದೆ ಕಪ್ಪು ಹನಿಗಳು ಬಿದ್ದವು. ಒಬ್ಬಾಕೆ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡಳು. ಒಬ್ಬ ಮೂಗು ಮುಚ್ಚಿಕೊಂಡ. ಎಡಗೈಗೆ ಪ್ಲಾಸ್ಟರ್ ಹಾಕಿದ ಹೆಂಗಸು ಮೂಲೆಯಲ್ಲಿ ಕೂತಿದ್ದಳು. ದನಿಯಿಂದ ಅಂದುಕೊಂಡಿದ್ದಕ್ಕಿಂತ ವಯಸ್ಸಾಗಿತ್ತು.

ಅವಳು ಜಾಲರಿಯನ್ನು ಗಾಜಿನ ಮೇಜಿನ ಮೇಲೆ, ಬಣ್ಣದ ಪುಸ್ತಕಗಳ ಮೇಲೆ ಇಟ್ಟಳು.

"ಇದು ನಿಮ್ಮ ಗಾಡೀದು," ಅಂದಳು. "ತೊಳಿ ಅಂತ ಕೊಟ್ರು. ತೊಳೆದಿಲ್ಲ."

ನರ್ಸು ಎದ್ದು ಬಂದಳು. ಬಗ್ಗಿ ನೋಡಿದಳು. ಬಲಗೈಯ ಒಂದು ಬೆರಳಿನಿಂದ ಆ ಕೆಸರನ್ನು ಮುಟ್ಟಿ, ಹೆಬ್ಬೆರಳಿಗೆ ತಿಕ್ಕಿ ನೋಡಿದಳು.

ಅವಳು ಗೇಜನ್ನೂ ಮೇಜಿನ ಮೇಲಿಟ್ಟಳು. "ಇದರ ಕಚ್ಚು ಉಜ್ಜಿದ್ದು ನಾನು. ಆ ಕಡೆ ಇಪ್ಪತ್ತು ಎಳೆತ, ಈ ಕಡೆ ಇಪ್ಪತ್ತು. ಆಮೇಲೆ ಎಲ್ಲಾ ಪಾಸಾದವು."

"ಒಂದ್ನಿಮಿಷ, ಒಂದ್ನಿಮಿಷ." ಟ್ಯಾಕ್ಸಿಯವನ ದನಿ ಅದು. ಮುಖ ಈಗ ನೋಡಿದಳು. "ನಂದೂ ಪಾಸಾಗಿದೆ ಹೋದ ತಿಂಗಳು. ಇವತ್ತು ಏನೋ ಸದ್ದು ಬರ್ತಿದೆ ಅಂತ ಬಂದೆ. ಹಾಗಾದ್ರೆ ನಂದು?"

"ನಿಮ್ಮದು ಯಾರೂ ಅಳೆದಿಲ್ಲ."

"ಬೆಳಿಗ್ಗೆ ನಾಲ್ಕು ಮಕ್ಕಳನ್ನ ಶಾಲೆಗೆ ಬಿಟ್ಟು ಬಂದೆನಲ್ಲಮ್ಮ ಅದರಲ್ಲಿ," ಅಂದ. ಯಾರಿಗೆ ಹೇಳಿದ ಅಂತ ಗೊತ್ತಾಗಲಿಲ್ಲ. ಕೂತುಬಿಟ್ಟ. ತಮಾಷೆಯ ಮನುಷ್ಯ ಅವನು. ಗಾಡಿಯ ಕೀಲಿ ತೆಗೆದು ಮೇಜಿನ ಮೇಲಿಟ್ಟ.

ಸೂಪರ್‌ವೈಸರ್ ಓಡಿ ಬಂದ. ಹಿಂದೆ ತಮ್ಮ.

"ಯಾರೇ ನಿನ್ನ ಒಳಗೆ ಬಿಟ್ಟಿದ್ದು?"

"ದಿನಾ ಬರ್ತೀನಲ್ಲ. ಒರೆಸೋಕೆ."

"ಸಾರ್, ಮೇಡಂ, ಇವಳಿಗೆ ತಲೆ ಸರಿ ಇಲ್ಲ. ಯಾವುದೋ ಹಳೇ ಗಾಡಿ ಜಾಲರಿ ಇದು..." ಕೈ ಚಾಚಿದ. ನರ್ಸು ತನ್ನ ಪ್ಲಾಸ್ಟರ್ ಕೈಯನ್ನು ಜಾಲರಿಯ ಮೇಲೆ ಅಡ್ಡ ಇಟ್ಟಳು. ಬಿಳಿ ಪ್ಲಾಸ್ಟರಿಗೆ ಕಪ್ಪು ಹತ್ತಿತು.

"ಮುಟ್ಬೇಡಿ," ಅಂದಳು.

ಅದೇ ಹೊತ್ತಿಗೆ ಮುಂಬಾಗಿಲು ತೆರೆಯಿತು. ಕೈಯಲ್ಲಿ ಬ್ಯಾಗು ಹಿಡಿದ ಒಬ್ಬ ಬಂದು ನಿಂತ. ಹೆಡ್ ಆಫೀಸಿನ ಇಂಜಿನಿಯರ್. ಹನ್ನೊಂದಕ್ಕೆ ಇನ್ನೂ ಹೊತ್ತಿತ್ತು. ಅವನು ಮೇಜು ನೋಡಿದ, ನೆಲ ನೋಡಿದ, ಅವಳನ್ನು ನೋಡಿದ.

"ಏನಿದು? ಯಾರು ಈಕೆ?"

ಸೂಪರ್‌ವೈಸರ್, "ಹೊರಗಿನವಳು ಸಾರ್, ಗುತ್ತಿಗೆಯವಳು" ಅಂದ.

ಇಂಜಿನಿಯರ್ ನೀಲಿ ಅಂಗಿಯ ಕಡೆ ತಿರುಗಿದ. "ನೀನು ಹೇಳಪ್ಪ. ಯಾರು ಈಕೆ?"

ತಮ್ಮನ ತುಟಿ ಅಲುಗಿತು. ಅವಳು ಅವನನ್ನೇ ನೋಡಿದಳು. ಅವನು ನೆಲ ನೋಡಿದ.

"ಮೊದಲು ನೆಲ ಒರೆಸು," ಸೂಪರ್‌ವೈಸರ್ ಅವಳಿಗೆ ಅಂದ. "ಗಲೀಜು ಮಾಡಿದೋಳು ನೀನೇ. ಒರೆಸಿ ಆಚೆ ಹೋಗು."

"ಒರೆಸಲ್ಲ."

"ಒರೆಸು ಅಂದೆ!"

ಅವಳು ಕದಲಲಿಲ್ಲ. ಸಿಟ್ಟು ಬಂದಿರಲಿಲ್ಲ. ಕೈಗೆ ಬಂದ ಜೀವ ಇನ್ನೂ ಎದೆಯವರೆಗೆ ಬಂದಿರಲಿಲ್ಲ. ಸುಮ್ಮನೆ ನಿಂತಿದ್ದಳು ಅಷ್ಟೇ.

ಸೂಪರ್‌ವೈಸರನಿಗೆ ಇಂಜಿನಿಯರನ ಮುಂದೆ ಯಾರಿಗಾದರೂ ಏನಾದರೂ ಹೇಳಬೇಕಿತ್ತು. "ನೋಡ್ತಾ ನಿಂತಿದೀಯಲ್ಲ, ನೀನು ಒರೆಸು," ಅಂತ ತಮ್ಮನಿಗೆ ಅಂದ.

ತಮ್ಮ ಹೋಗಿ ಬಕೆಟ್ಟಿನಲ್ಲಿ ನೀರು ತಂದ. ಬಟ್ಟೆ ತಂದ. ನೀಲಿ ಪ್ಯಾಂಟಿನಲ್ಲಿ ಮಂಡಿಯೂರಿದ. ನೆಲಕ್ಕೆ ನೀರು ಸುರಿದು ತಿಕ್ಕತೊಡಗಿದ.

ಆಯಿಲ್ ಬಿದ್ದ ನೆಲಕ್ಕೆ ನೀರು ಹಾಕಬಾರದು. ಮೊದಲು ಮರದ ಹೊಟ್ಟು ಉದುರಿಸಬೇಕು. ಹೊಟ್ಟು ಆಯಿಲ್ ಕುಡಿಯುವವರೆಗೂ ಕಾಯಬೇಕು. ಗುಡಿಸಬೇಕು. ಆಮೇಲೆ ಸೋಪು, ಕಡೆಗೆ ನೀರು. ಹೊಟ್ಟಿನ ಚೀಲ ಗಾಜಿನ ಬಾಗಿಲ ಹಿಂದೆ, ಬಲಕ್ಕೆ ಇತ್ತು. ಹನ್ನೊಂದು ವರ್ಷದಿಂದ ಅಲ್ಲೇ ಇತ್ತು. ಅವನಿಗೆ ಗೊತ್ತಿರಲಿಲ್ಲ.

ಹನಿ ಹನಿಯಾಗಿದ್ದದ್ದು ಹರಡಿತು. ಮೊಳದಗಲ ಆಯಿತು. ಅವನು ಜೋರಾಗಿ ತಿಕ್ಕಿದ. ಮಾರಿನಗಲ ಆಯಿತು. ಬಿಳಿ ನೆಲದ ಮೇಲೆ ಬೂದು ಬಣ್ಣ ಕುರ್ಚಿಯ ಕಾಲಿನವರೆಗೆ, ಇಂಜಿನಿಯರನ ಬೂಟಿನವರೆಗೆ ಹೋಯಿತು. ಮಾಲೀಕರು ಒಬ್ಬೊಬ್ಬರೇ ಎದ್ದು ಹಿಂದೆ ಸರಿದರು. ಕೆಲವರು ಜೇಬಿನಿಂದ ಮಡಚಿದ ಹಾಳೆ ತೆಗೆದು ಬಿಚ್ಚಿ ನೋಡುತ್ತಿದ್ದರು. ಎಲ್ಲ ಹಾಳೆಯ ಮೇಲೂ ಒಂದೇ ಸಹಿ.

ತಮ್ಮನ ತೋಳು ಮೊಣಕೈವರೆಗೆ ಕಪ್ಪಾಗಿತ್ತು. ಅವನು ತಲೆ ಎತ್ತಿದ. ಸುತ್ತ ಯಾರಿದ್ದಾರೆ ಅನ್ನುವುದು ಆ ಕ್ಷಣ ಅವನಿಗೆ ಮರೆತೇಹೋಗಿತ್ತು. ಮುಖ ಆರು ವರ್ಷದ್ದಾಗಿತ್ತು.

"ಅಕ್ಕಾ, ಇದು ಹೋಗ್ತಾನೇ ಇಲ್ಲ," ಅಂದ.

ಎಲ್ಲರಿಗೂ ಕೇಳಿಸಿತು. ಸೂಪರ್‌ವೈಸರನಿಗೂ ಕೇಳಿಸಿತು. ಇಂಜಿನಿಯರ್ ಅವನನ್ನು ನೋಡಿದ, ಅವಳನ್ನು ನೋಡಿದ. ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಹೊಟ್ಟು ಬಾಗಿಲ ಹಿಂದಿದೆ ಅಂತ ಅವಳು ಹೇಳಲಿಲ್ಲ. ಬಾಯಿಯವರೆಗೂ ಬಂದಿತ್ತು. ನುಂಗಿದಳು. ಅವನನ್ನು ಬಳಸಿಕೊಂಡು, ಬೂದು ನೀರಿನಲ್ಲಿ ಹೆಜ್ಜೆ ಇಡುತ್ತಾ ಮುಂಬಾಗಿಲಿಗೆ ನಡೆದಳು. ಬಾಗಿಲ ಉಕ್ಕಿನ ಹಿಡಿ ಬಿಸಿಲಿಗೆ ಕಾದಿತ್ತು. ಸುಟ್ಟ ಬೆರಳಿಗೆ ಚುರ್ರೆಂದಿತು. ಅವಳು ಕೈ ತೆಗೆಯಲಿಲ್ಲ. ಹಿಡಿದು ಎಳೆದಳು.